ಮರಳಿ ಬಂದ ಹಸ್ತಪ್ರತಿಯಿಂದ ಇ-ಪುಸ್ತಕದವರೆಗೆ: ಫ್ಯಾಂಟಸಿ ಬರೆಯುವವರಿಗೊಂದು ಮಾರ್ಗದರ್ಶಿ

ಪ್ರಕಾಶಕರಿಂದ ಹಸ್ತಪ್ರತಿ ಮರಳಿ ಬಂದಾಗ ಮೊದಲು ಮಾಡಬೇಕಾದ ಕೆಲಸವೆಂದರೆ, ಅದುವರೆಗೆ ಬಂದ ಉತ್ತರಗಳನ್ನೆಲ್ಲ ಒಂದೆಡೆ ಇಟ್ಟುಕೊಂಡು, ಸಿಟ್ಟು ಇಳಿದ ಮೇಲೆ ಇನ್ನೊಮ್ಮೆ ಓದುವುದು. ಶಿರಸಿಯ ನಮ್ಮ ಮನೆಯ ಕಪಾಟಿನಲ್ಲಿ ಅಂಥ ಏಳು ಉತ್ತರಗಳಿವೆ. ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದಾಗ ಮಾತ್ರ ತಲೆಯೆತ್ತುವ ಪಟ್ಟಣವೊಂದರ ಕುರಿತು ನಾನು ಬರೆದ ಕಾದಂಬರಿಗೆ ನಾಲ್ಕು ವರ್ಷಗಳಲ್ಲಿ ಬಂದವು ಅವು. ಎರಡರಲ್ಲಿ ಕಾರಣವನ್ನೇ ತಿಳಿಸಿರಲಿಲ್ಲ. ಮೂರರಲ್ಲಿ ಪುಟ ಹೆಚ್ಚಾಯಿತೆಂಬ ಮಾತಿತ್ತು. ಒಬ್ಬರು, ಇದು ಮಕ್ಕಳಿಗಾಗಿ ಬರೆದದ್ದೋ ದೊಡ್ಡವರಿಗಾಗಿಯೋ ಎಂದು ಕೇಳಿದ್ದರು. ಕೊನೆಯವರು ಮಾತ್ರ, ಮೊದಲ 90 ಪುಟಗಳಲ್ಲಿ ಕತೆ ಇನ್ನೂ ಆರಂಭವೇ ಆಗಿಲ್ಲ ಎಂದು ಬರೆದಿದ್ದರು. ಈ ಕೊನೆಯ ಉತ್ತರ ನನ್ನ ಬರವಣಿಗೆಯ ಬಗ್ಗೆ ಇತ್ತು, ಕಾರಣ ಹೇಳಿದ ಉಳಿದವೆಲ್ಲ ಕಾಗದದ ಬಗ್ಗೆ ಮತ್ತು ಅಂಗಡಿಯ ಕಪಾಟಿನ ಬಗ್ಗೆ ಇದ್ದವು. ಇದನ್ನು ಬೇರೆ ಬೇರೆ ಮಾಡಿ ನೋಡುವುದಕ್ಕೆ ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ಕಾಗದದ ಲೆಕ್ಕ ಸರಳವಾದದ್ದು. ಕನ್ನಡದಲ್ಲಿ ಹೊಸ ಲೇಖಕರ ಕಾದಂಬರಿಯನ್ನು ಸಾಮಾನ್ಯವಾಗಿ 500 ಅಥವಾ 1,000 ಪ್ರತಿ ಅಚ್ಚು ಹಾಕುತ್ತಾರೆ. ಫ್ಯಾಂಟಸಿ ಕಾದಂಬರಿಯಾದರೋ ತನ್ನದೇ ಒಂದು ಲೋಕವನ್ನು ಕಟ್ಟಬೇಕಾದ್ದರಿಂದ ಉದ್ದವಾಗುತ್ತದೆ. ನನ್ನದು 1,10,000 ಪದಗಳಷ್ಟಿತ್ತು. ಕಾದಂಬರಿಗಳ ಸಾಮಾನ್ಯ ಗಾತ್ರವಾದ ಡೆಮಿ ಅಳತೆಯಲ್ಲಿ ಐನೂರು ಪುಟ ದಾಟುತ್ತಿತ್ತು. ಅಷ್ಟು ದಪ್ಪದ ಪುಸ್ತಕಕ್ಕೆ, ಹೆಸರು ಕೇಳಿರದ ಲೇಖಕನ ಮೇಲೆ ಹಣ ಹೂಡಿರೆಂದು ಒಬ್ಬ ಪ್ರಕಾಶಕರನ್ನು ಕೇಳುವಾಗ, ಅವರು ಹಿಂಜರಿದರೆ ಅದು ಸಾಹಿತ್ಯದ್ರೋಹವಲ್ಲ. ಇ-ಪುಸ್ತಕವು ಈ ಕಾಗದದ ತೊಡಕನ್ನು ಪೂರ್ತಿಯಾಗಿ ನಿವಾರಿಸುತ್ತದೆ. ಕಪಾಟಿನ ತೊಡಕನ್ನು ಅರೆಪಾಲು ನಿವಾರಿಸುತ್ತದೆ. ಬರವಣಿಗೆಯ ತೊಡಕನ್ನು ಮುಟ್ಟುವುದೂ ಇಲ್ಲ. ಪ್ರಕಾಶಕರು ಮಾಡುತ್ತಿದ್ದ ಸಂಪಾದನೆ, ಕರಡು ತಿದ್ದುವಿಕೆ, ವಿನ್ಯಾಸ, ಮಾರಾಟ ಎಲ್ಲವೂ ನಮ್ಮ ಹೆಗಲೇರುತ್ತವೆ ಎಂಬುದನ್ನು ಒಪ್ಪಿಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡುವುದು ಒಳ್ಳೆಯದು.

ಹಕ್ಕು ಯಾರ ಬಳಿ ಇದೆ ಎಂದು ನೋಡಿಕೊಳ್ಳುವುದು

ಹಸ್ತಪ್ರತಿಯನ್ನು ಕಳುಹಿಸುವಾಗ ಯಾವುದಾದರೂ ಪತ್ರಕ್ಕೆ ಸಹಿ ಹಾಕಿದ್ದರೆ ಅದನ್ನು ಹುಡುಕಿ ತೆಗೆಯಿರಿ. ಕೆಲವರು ಪರಿಶೀಲನೆಗೆಂದು ಪಡೆದ ಪತ್ರದಲ್ಲಿಯೇ ಪ್ರಕಟಣೆಯ ಹಕ್ಕನ್ನೂ ಬರೆಸಿಕೊಂಡಿರುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿದ್ದು ಅದಕ್ಕೆ ಹಕ್ಕುದಾರರ ಸಹಿ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತ ಎಂದೂ ಪರಿಗಣಿಸಲಾಗುತ್ತದೆ. ಬೇರೆ ರೀತಿ ಬರೆದುಕೊಂಡಿರದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದವರ ವರ್ಗಾವಣೆ ಅಷ್ಟರ ಮಟ್ಟಿಗೆ ರದ್ದಾದಂತೆಯೇ. ಯಾವುದಕ್ಕೂ ಸಹಿ ಹಾಕಿಲ್ಲವೆಂದಾದರೆ ಕೃತಿ ನಿಮ್ಮದೇ. ಬರೆದ ಕ್ಷಣದಿಂದಲೇ ಹಕ್ಕುಸ್ವಾಮ್ಯ ಹುಟ್ಟುತ್ತದೆ ಮತ್ತು ಲೇಖಕರ ಜೀವಿತಾವಧಿಯ ನಂತರ 60 ವರ್ಷ ಉಳಿಯುತ್ತದೆ. ನೋಂದಣಿ ಕಡ್ಡಾಯವಲ್ಲ, ಸಾಹಿತ್ಯ ಕೃತಿಯೊಂದಕ್ಕೆ 500 ರೂಪಾಯಿ ಶುಲ್ಕವಿದೆ, ಮುಂದೆ ತಕರಾರು ಬಂದರೆ ಸಾಕ್ಷಿಯಾಗಿ ನೆರವಿಗೆ ಬರುತ್ತದೆ.

ನಮ್ಮ ಜಿಲ್ಲೆಯಲ್ಲಿ ಕುಳಿತು ಬರೆಯುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಹಾಲಕ್ಕಿ ಒಕ್ಕಲಿಗರ ಹಾಡು, ಸಿದ್ದಿಯರ ಕತೆ, ಯಕ್ಷಗಾನದ ಪದ್ಯ ಇವೆಲ್ಲ ಕೈಗೆಟಕುವಷ್ಟು ಹತ್ತಿರ ಇರುವುದರಿಂದ ಕಾದಂಬರಿಯೊಳಗೆ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಬಾಯಿಂದ ಬಾಯಿಗೆ ಬಂದ ಕತೆಯ ಎಳೆಯನ್ನು ಬಳಸಬಹುದು. ಆದರೆ ಒಬ್ಬ ವಿದ್ವಾಂಸರು ಸಂಗ್ರಹಿಸಿ ಸಂಪಾದಿಸಿದ ಪಾಠವನ್ನೋ, ಈಗಿನ ಕವಿಯೊಬ್ಬರು ರಚಿಸಿದ ಪ್ರಸಂಗದ ಪದ್ಯವನ್ನೋ ಹಾಗೆಯೇ ಎತ್ತಿಕೊಳ್ಳುವುದಕ್ಕೆ ಅನುಮತಿ ಬೇಕು. ನಾನು ಎರಡು ಪದ್ಯಗಳನ್ನು ತೆಗೆದುಹಾಕಿ ನನ್ನವೇ ಆದ ಪದ್ಯಗಳನ್ನು ಭಾಮಿನಿ ಷಟ್ಪದಿಯಲ್ಲಿ ಕಟ್ಟಿದೆ. ಅವು ಅಷ್ಟೇನೂ ಚೆನ್ನಾಗಿಲ್ಲವಾದರೂ ಯಾರೂ ನನ್ನ ಮೇಲೆ ದೂರು ಕೊಡುವಂತಿಲ್ಲ.

ತಿದ್ದುವುದು: ಅವಸರ ಮಾಡಬಾರದ ಘಟ್ಟ

ಸ್ವಂತ ಪ್ರಕಟಣೆಯ ಅತಿ ದೊಡ್ಡ ಅಪಾಯವೆಂದರೆ ಬೇಡವೆನ್ನುವವರು ಯಾರೂ ಇಲ್ಲದಿರುವುದು. ಆದ್ದರಿಂದ ಬೇಡವೆನ್ನುವವರನ್ನು ನಾವೇ ಹುಡುಕಿಕೊಳ್ಳಬೇಕು. ನನಗೆ ಮೂರು ಬಗೆಯ ಓದುಗರು ನೆರವಾದರು. ಮೊದಲನೆಯವರು ಫ್ಯಾಂಟಸಿಯನ್ನು ಎಂದೂ ಓದದ ನಿವೃತ್ತ ಶಿಕ್ಷಕಿ. ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಅಂಚಿನಲ್ಲಿ ಒಂದು ಚುಕ್ಕೆ ಇಡಿರೆಂದಷ್ಟೇ ಕೇಳಿಕೊಂಡೆ. ಎರಡನೆಯವನು ಈ ಬಗೆಯ ಕತೆಗಳನ್ನೇ ಓದುವ ಕಾಲೇಜು ಹುಡುಗ. ಎಲ್ಲಿ ಬೇಸರವಾಗಿ ಮೊಬೈಲ್ ಕೈಗೆತ್ತಿಕೊಂಡೆ ಎಂಬುದನ್ನು ಗುರುತಿಸುವುದು ಅವನ ಕೆಲಸವಾಗಿತ್ತು. ಮೂರನೆಯವರು ತಾಳಮದ್ದಳೆಯ ಅರ್ಥಧಾರಿಯೊಬ್ಬರು. ಸಂಭಾಷಣೆಯ ವಿಷಯದಲ್ಲಿ ಇವರಷ್ಟು ಕಟುವಾದ ಪರೀಕ್ಷಕರು ಸಿಗುವುದು ಕಷ್ಟ. ವೇಷವಿಲ್ಲದೆ, ಬೆಳಕಿಲ್ಲದೆ, ಬರಿಯ ಮಾತಿನಿಂದ ರಾಜನನ್ನೂ ರಾಕ್ಷಸನನ್ನೂ ನಿಲ್ಲಿಸಿ ರೂಢಿಯಿರುವವರು ನಮ್ಮ ಪಾತ್ರಗಳ ಮಾತನ್ನು ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು, ಯಾವ ವಾಕ್ಯಕ್ಕೆ ಬೆನ್ನೆಲುಬಿಲ್ಲ ಎಂದು ನಮಗೇ ಕೇಳಿಸುತ್ತದೆ.

ಕಲ್ಪಿತ ಲೋಕಕ್ಕೆ ಒಂದು ಹೆಸರಿನ ಪಟ್ಟಿ ಬೇಕು. ವ್ಯಕ್ತಿ, ಊರು, ಹೊಳೆ, ಆಯುಧ, ದೈವ, ತಿಂಗಳು, ನಾಣ್ಯ ಹೀಗೆ ನೀವು ಹುಟ್ಟಿಸಿದ ಪ್ರತಿಯೊಂದು ಹೆಸರನ್ನೂ ಅದರ ಕಾಗುಣಿತದೊಡನೆ ಮತ್ತು ಮೊದಲು ಬರುವ ಅಧ್ಯಾಯದೊಡನೆ ಒಂದು ಕೋಷ್ಟಕದಲ್ಲಿ ಬರೆದಿಡಿ. ವಿಭಕ್ತಿ ಸೇರಿದಾಗ ಹೇಗೆ ಬರೆಯುತ್ತೀರಿ ಎಂಬುದನ್ನೂ ಸೇರಿಸಿ. ವ್ಯಂಜನಾಂತವಾದ ಹೆಸರು ಕಟ್ಟಿಕೊಂಡವರಿಗೆ ಇದು ಬಹಳ ಮುಖ್ಯ, ಏಕೆಂದರೆ ಒಂದು ಅಧ್ಯಾಯದಲ್ಲಿ 'ಮಿರಾಣ್‌ಗೆ' ಎಂದೂ ಇನ್ನೊಂದರಲ್ಲಿ 'ಮಿರಾಣನಿಗೆ' ಎಂದೂ ಬಂದರೆ ಓದುಗರು ಇಬ್ಬರಿದ್ದಾರೆಂದು ಭಾವಿಸಬಹುದು. ಮುದ್ರಣಾಲಯದ ಕರಡು ತಿದ್ದುವವರು ಹಿಡಿಯುತ್ತಿದ್ದ ಇಂಥ ತಪ್ಪುಗಳನ್ನು ಇನ್ನು ಯಾರೂ ಹಿಡಿಯುವುದಿಲ್ಲ.

ಉಪಭಾಷೆಯ ಪ್ರಶ್ನೆಯನ್ನೂ ಈ ಘಟ್ಟದಲ್ಲಿಯೇ ತೀರ್ಮಾನಿಸಬೇಕು. ಘಟ್ಟದ ಮೇಲಿನವರಾದ ನಾವು ಹವ್ಯಕ ಕನ್ನಡದಲ್ಲಿ ಹುಡುಗಿಗೆ 'ಕೂಸು' ಎನ್ನುತ್ತೇವೆ. ನನ್ನ ಕಾದಂಬರಿಯ ಹನ್ನೆರಡನೆಯ ಅಧ್ಯಾಯದಲ್ಲಿ ಹದಿನೇಳರ ಹುಡುಗಿಯೊಬ್ಬಳು ಕತ್ತಿ ಹಿರಿಯುತ್ತಾಳೆ. ಅವಳನ್ನು ಅಜ್ಜಿ 'ಕೂಸೇ' ಎಂದು ಕರೆದದ್ದನ್ನು ಓದಿದ ಮೈಸೂರಿನ ಸ್ನೇಹಿತರು, ತೊಟ್ಟಿಲ ಮಗುವಿನ ಕೈಗೆ ಕತ್ತಿ ಕೊಟ್ಟೆಯಲ್ಲ ಎಂದು ಗಾಬರಿಯಾದರು. ಇ-ಪುಸ್ತಕ ಶಿರಸಿಯಲ್ಲಿ ಮಾತ್ರವಲ್ಲ, ಬೀದರಿನಲ್ಲಿಯೂ ಬೋಸ್ಟನ್ನಿನಲ್ಲಿಯೂ ಒಂದೇ ದಿನ ತೆರೆದುಕೊಳ್ಳುತ್ತದೆ. ಹಾಗೆಂದು ಊರಿನ ಮಾತನ್ನು ಬಿಡಬೇಕಿಲ್ಲ. ಅಂಥ ಪದ ಮೊದಲ ಸಲ ಬರುವಾಗ ಸನ್ನಿವೇಶವೇ ಅದರ ಅರ್ಥವನ್ನು ಹೇಳುವಂತೆ ಬರೆದರೆ ಸಾಕು. ಪುಟಕ್ಕೆ ನಾಲ್ಕರಂತೆ ಅಡಿಟಿಪ್ಪಣಿ ಹಾಕುವುದು ನನಗೆ ಹಿಡಿಸುವುದಿಲ್ಲ, ಮೊಬೈಲಿನ ಪರದೆಯಲ್ಲಂತೂ ಅದು ಓದಿನ ಓಟವನ್ನೇ ಕೆಡಿಸುತ್ತದೆ.

ಮೊದಲ 90 ಪುಟಗಳ ದೂರನ್ನು ನಾನು ಒಪ್ಪಿಕೊಂಡೆ. ಪಟ್ಟಣದ ಏಳು ರಾಜರ ವಂಶಾವಳಿಯನ್ನು ಹೇಳುತ್ತಿದ್ದ ಮೂರು ಅಧ್ಯಾಯಗಳು ಹೋದವು. ಕಾದಂಬರಿ 92,000 ಪದಗಳಿಗೆ ಇಳಿಯಿತು.

ಯೂನಿಕೋಡ್: ಕಣ್ಣಿಗೆ ಕಾಣದ ಕೆಲಸ

ಇ-ಪುಸ್ತಕ ಮಾಡಲು ಹೊರಟ ಕನ್ನಡದ ಲೇಖಕರಲ್ಲಿ ಬಹಳ ಮಂದಿ ಕೈಚೆಲ್ಲುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಯೂನಿಕೋಡ್ ಎಂದರೆ ಪ್ರತಿಯೊಂದು ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಟ್ಟಿರುವ, ಎಲ್ಲ ಕಂಪ್ಯೂಟರುಗಳೂ ಫೋನುಗಳೂ ಒಪ್ಪುವ ಪದ್ಧತಿ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಪಾಲಿಗೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸರಮಾಲೆ. ಆ ನಿರ್ದಿಷ್ಟ ಅಕ್ಷರಶೈಲಿ ಇಲ್ಲದ ಫೋನಿನಲ್ಲಿ ಅದು ಕಸದಂತೆ ತೋರುತ್ತದೆ. ಮುದ್ರಣಕ್ಕೆ ಡಿಟಿಪಿ ಮಾಡುವ ಅನೇಕ ಕಡೆ ಇಂದಿಗೂ ಆ ಬಗೆಯ ಕಡತವನ್ನೇ ಕೇಳುವುದರಿಂದ, ಪ್ರಕಾಶಕರಿಗೆಂದು ಸಿದ್ಧಪಡಿಸಿದ ಹಸ್ತಪ್ರತಿ ಆಸ್ಕಿಯಲ್ಲಿರುವ ಸಾಧ್ಯತೆಯೇ ಹೆಚ್ಚು. ಪರೀಕ್ಷೆ ಸುಲಭ: ಒಂದು ಪುಟವನ್ನು ಆಯ್ದುಕೊಂಡು ಅಕ್ಷರಶೈಲಿಯನ್ನು ನೋಟೋ ಸೆರಿಫ್ ಕನ್ನಡ ಎಂಬ ಯೂನಿಕೋಡ್ ಅಕ್ಷರಶೈಲಿಗೆ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ರೋಮನ್ ಅಕ್ಷರಗಳು ಹೊರಬಿದ್ದರೆ ಆಸ್ಕಿ.

ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಇಡೀ ಕಾದಂಬರಿಯನ್ನು ಒಮ್ಮೆಗೇ ಸುರಿಯದೆ ಅಧ್ಯಾಯ ಅಧ್ಯಾಯವಾಗಿ ಪರಿವರ್ತಿಸಿ, ಮೂಲದ ಪಕ್ಕದಲ್ಲಿಟ್ಟು ಹೋಲಿಸಬೇಕು. ಆಸ್ಕಿಯಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ವ್ಯಂಜನಕ್ಕಿಂತ ಮೊದಲು ಬರುತ್ತದೆ; ಆದ್ದರಿಂದ 'ಮೂರ್ಛೆ', 'ದೀರ್ಘ' ಮೊದಲಾದ ಪದಗಳ ಮೇಲೂ, ಎರಡು ಒತ್ತಕ್ಷರ ಸೇರಿದ 'ಸ್ವಾತಂತ್ರ್ಯ', 'ವೈಶಿಷ್ಟ್ಯ'ದಂಥ ಪದಗಳ ಮೇಲೂ ಮೊದಲು ಕಣ್ಣಿಡಿ. ಇಂಗ್ಲಿಷ್ ಪದಗಳು ಮತ್ತು ಅಂಕಿಗಳು ನಡುವೆ ಇದ್ದರೆ ಅವೂ ಕನ್ನಡದ ಚೂರುಗಳಾಗಿ ಬದಲಾಗಿರುತ್ತವೆ.

ಪರಿವರ್ತನೆಯಿಂದ ಬರುವ ತಪ್ಪುಗಳು ಕಣ್ಣಿಗೆ ಬೀಳುತ್ತವೆ, ಆದರೆ ನಮ್ಮ ಬೆರಳಚ್ಚಿನಿಂದ ಬರುವ ಕೆಲವು ತಪ್ಪುಗಳು ಕಣ್ಣಿಗೂ ಬೀಳುವುದಿಲ್ಲ. ಅನುಸ್ವಾರದ ಸೊನ್ನೆಗೆ ಬದಲಾಗಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದರೆ ಪದ ನೋಡಲು ಸರಿಯಾಗಿಯೇ ಇರುತ್ತದೆ, ಆದರೆ ಓದುಗರು ಪುಸ್ತಕದೊಳಗೆ ಆ ಪದವನ್ನು ಹುಡುಕಿದರೆ ಸಿಗುವುದಿಲ್ಲ, ಗಟ್ಟಿಯಾಗಿ ಓದುವ ತಂತ್ರಾಂಶ ಅಲ್ಲಿ ಮುಗ್ಗರಿಸುತ್ತದೆ. 'ದುಃಖ'ದ ವಿಸರ್ಗಕ್ಕೆ ಬದಲಾಗಿ ವಿವರಣ ಚಿಹ್ನೆಯ ಎರಡು ಚುಕ್ಕಿ ಹಾಕುವುದೂ ಇದೇ ಜಾತಿಯ ತಪ್ಪು. ಮೂರನೆಯದು, ಅಕ್ಷರಗಳು ಕೂಡದಂತೆ ನಡುವೆ ಸೇರಿಸುವ ಶೂನ್ಯ ಅಗಲದ ಅಕ್ಷರ. 'ಕಲ್‌ದುರ್ಗ' ಎಂದು ಬರೆಯಲು ಅದು ಬೇಕು, ಇಲ್ಲದಿದ್ದರೆ 'ಕಲ್ದುರ್ಗ' ಆಗುತ್ತದೆ. ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ಮುನ್ನೂರು ಕಡೆ ಒಂದೇ ರೀತಿ ಇರಲಿ. ಹುಡುಕಿ ಬದಲಿಸುವ ಆಜ್ಞೆಯಿಂದ ಈ ಮೂರನ್ನೂ ಒಂದು ಮಧ್ಯಾಹ್ನದಲ್ಲಿ ಸರಿಪಡಿಸಬಹುದು. ಅಂಕಿಯ ಸೊನ್ನೆಯನ್ನು ಮಾತ್ರ ಒಂದೊಂದಾಗಿ ನೋಡಿ ಬದಲಿಸಬೇಕು, ಇಲ್ಲವಾದರೆ ಇಸವಿಗಳೆಲ್ಲ ಅನುಸ್ವಾರವಾಗಿ ಹೋಗುತ್ತವೆ.

ಆಮೇಲೆ ಕಿವಿಯಿಂದ ಕರಡು ತಿದ್ದಿ. ಆಂಡ್ರಾಯ್ಡ್ ಫೋನಿನ ಗೂಗಲ್ ಪಠ್ಯವಾಚನ ಕನ್ನಡವನ್ನೂ ಓದುತ್ತದೆ. ಅದರ ದನಿಯಲ್ಲಿ ಭಾವವಿಲ್ಲ, ಆದ್ದರಿಂದಲೇ ಅದು ಒಳ್ಳೆಯ ಕರಡು ಓದುಗ. ನಾವು ಬರೆದದ್ದೆಂದು ಭಾವಿಸಿದ್ದನ್ನಲ್ಲ, ನಿಜವಾಗಿ ಬರೆದದ್ದನ್ನೇ ಅದು ಓದುತ್ತದೆ. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಾನು ಹಿಡಿದ ತಪ್ಪುಗಳು, ಮೇಜಿನ ಮುಂದೆ ಕುಳಿತು ಹಿಡಿದ ತಪ್ಪುಗಳಿಗಿಂತ ಹೆಚ್ಚು. ಕಣ್ಣು ಕಾಣದ ಓದುಗರೂ ನಮ್ಮ ಪುಸ್ತಕವನ್ನು ಹೀಗೆಯೇ ಓದುತ್ತಾರೆ ಎಂಬುದು ನನಗೆ ಹೊಳೆದದ್ದೂ ಆ ಬಸ್ಸಿನಲ್ಲಿಯೇ.

ಒಂದು ಮಾತು ಇಲ್ಲಿಯೇ ಸೇರಿಸಬೇಕು: ಕಡತವನ್ನು ಮೂರು ಕಡೆ ಇಡಿ, ಅದರಲ್ಲಿ ಒಂದು ಮನೆಯ ಹೊರಗಿರಲಿ. ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲಿನಲ್ಲಿ ನನ್ನ ಲ್ಯಾಪ್‌ಟಾಪ್ ಸುಟ್ಟುಹೋದಾಗ ಉಳಿದದ್ದು ಮಿಂಚಂಚೆಯಲ್ಲಿ ನನಗೇ ಕಳುಹಿಸಿಕೊಂಡಿದ್ದ ಪ್ರತಿ ಮಾತ್ರ.

ಇ-ಪಬ್ ಕಡತವನ್ನು ಕಟ್ಟುವುದು

ಪಿಡಿಎಫ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಪಿಡಿಎಫ್‌ನ ಪುಟ ಅಚ್ಚಿನ ಪುಟದಂತೆ ಗಟ್ಟಿಯಾದದ್ದು. ಆರಿಂಚಿನ ಪರದೆಯಲ್ಲಿ ಅದನ್ನು ಹಿಗ್ಗಿಸಿ, ಅತ್ತಿತ್ತ ಎಳೆದು ಓದುವ ತಾಳ್ಮೆ ಐನೂರು ಪುಟದವರೆಗೆ ಯಾರಿಗೂ ಉಳಿಯುವುದಿಲ್ಲ. ಇ-ಪಬ್ ಎಂಬುದು ಚಿಕ್ಕ ಚಿಕ್ಕ ವೆಬ್ ಪುಟಗಳನ್ನು ಕಟ್ಟಿದ ಒಂದು ಗಂಟು. ಓದುಗರು ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲುಗಳು ತಾವಾಗಿ ಮುರಿದುಕೊಂಡು ಹೊಸದಾಗಿ ಹರಿಯುತ್ತವೆ.

ಲಿಬ್ರೆ ಆಫೀಸಿನ 6.0 ಆವೃತ್ತಿಯಿಂದ, ಅಂದರೆ 2018ರಿಂದ, ಬರಹವನ್ನು ನೇರವಾಗಿ ಇ-ಪಬ್ ಆಗಿ ಉಳಿಸಬಹುದು. ಗೂಗಲ್ ಡಾಕ್ಸ್‌ನಲ್ಲಿಯೂ ಆ ಸೌಲಭ್ಯವಿದೆ. ಅಧ್ಯಾಯದ ಹೆಸರುಗಳಿಗೆ ಬರಿಯ ದಪ್ಪ ಅಕ್ಷರ ಹಾಕದೆ ತಲೆಬರಹದ ಶೈಲಿಯನ್ನು ಅನ್ವಯಿಸಿ, ಪರಿವಿಡಿ ಅದರಿಂದಲೇ ತಯಾರಾಗುತ್ತದೆ. ಬಂದ ಕಡತವನ್ನು ಸಿಗಿಲ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನಾಲ್ಕು ವಿಷಯಗಳನ್ನು ಸರಿಪಡಿಸಿಕೊಳ್ಳಬೇಕು. ಭಾಷೆಯ ಸಂಕೇತ ಇಂಗ್ಲಿಷಿನದಾಗಿರದೆ ಕನ್ನಡದ್ದಾಗಿರಬೇಕು, ಪಠ್ಯವಾಚನ ಅದನ್ನು ನೋಡಿಯೇ ದನಿಯನ್ನು ಆರಿಸಿಕೊಳ್ಳಬಲ್ಲದು. ಸಾಲುಗಳ ನಡುವಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆ ಇರಬಾರದು, ಏಕೆಂದರೆ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಎರಡೂ ಅಂಚುಗಳನ್ನು ಸಮಮಾಡುವ ಜೋಡಣೆ ಬೇಡ. ಸಂಧಿ ಸಮಾಸಗಳಿಂದ ಉದ್ದವಾದ ಕನ್ನಡದ ಪದಗಳು ಚಿಕ್ಕ ಪರದೆಯಲ್ಲಿ ಸಾಲಿಗೆ ಎರಡೋ ಮೂರೋ ಕೂರುತ್ತವೆ, ನಡುವೆ ಬಾವಿಯಷ್ಟು ಖಾಲಿ ಜಾಗ ಬೀಳುತ್ತದೆ. ಕೊನೆಯದಾಗಿ, ಅಕ್ಷರಶೈಲಿಯನ್ನು ಪುಸ್ತಕದೊಳಗೆ ಸೇರಿಸುವುದಾದರೆ ಅದಕ್ಕೆ ಅನುಮತಿ ಇರುವುದನ್ನೇ ಸೇರಿಸಬೇಕು. ನೋಟೋ ಕುಟುಂಬದ ಕನ್ನಡ ಅಕ್ಷರಗಳು ಮುಕ್ತ ಪರವಾನಗಿಯಲ್ಲಿವೆ.

ಎಲ್ಲ ಮುಗಿದ ಮೇಲೆ ಇ-ಪಬ್‌ಚೆಕ್ ಎಂಬ ಪರೀಕ್ಷಕಕ್ಕೆ ಕಡತವನ್ನು ಒಪ್ಪಿಸಿ, ಅದು ತೋರಿಸುವ ದೋಷಗಳನ್ನು ತಿದ್ದಿ, ಒಂದು ಹಳೆಯ ಅಗ್ಗದ ಫೋನ್, ಒಂದು ಹೊಸ ಫೋನ್, ಒಂದು ಟ್ಯಾಬ್ಲೆಟ್ ಇವುಗಳಲ್ಲಿ ತೆರೆದು ನೋಡಿ. ಹಳೆಯ ಫೋನಿನ ಅಭಿಪ್ರಾಯಕ್ಕೇ ಹೆಚ್ಚು ಬೆಲೆ ಕೊಡಿ.

ಫ್ಯಾಂಟಸಿಗೆ ನಕ್ಷೆಯ ಆಸೆ ಸಹಜ. ಅಚ್ಚಿನಲ್ಲಿ ಎರಡು ಪುಟಕ್ಕೆ ಹರಡುವ ನಕ್ಷೆ ಫೋನಿನಲ್ಲಿ ಅಂಚೆಚೀಟಿಯಾಗುತ್ತದೆ, ಆದ್ದರಿಂದ ಅದನ್ನು ಮೂರು ನಾಲ್ಕು ತುಂಡು ಮಾಡಿ, ಕತೆ ಆ ಭಾಗಕ್ಕೆ ಬಂದಾಗ ಆಯಾ ತುಂಡನ್ನು ಇಡುವುದು ಲೇಸು. ನಾನು ಮಿರ್ಜಾನಿನ ಕೋಟೆಯಿಂದ ಅಳಿವೆಯವರೆಗಿನ ನಿಜವಾದ ಭೂಗೋಳವನ್ನೇ ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ ನಕ್ಷೆ ಮಾಡಿದ್ದೇನೆ. ಕುಮಟೆಯ ಓದುಗರು ಕಂಡುಹಿಡಿದು ನಗುತ್ತಾರೆ.

ಮುಖಪುಟ ಮತ್ತು ಐಎಸ್‌ಬಿಎನ್

ಮುಖಪುಟವನ್ನು ಓದುಗರು ಮೊದಲು ನೋಡುವುದು ಹೆಬ್ಬೆರಳ ಉಗುರಿನಷ್ಟು ಗಾತ್ರದಲ್ಲಿ. ಆ ಗಾತ್ರದಲ್ಲಿಯೂ ಶೀರ್ಷಿಕೆ ಓದಲು ಬರಬೇಕು. 1,600 ಪಿಕ್ಸೆಲ್ ಅಗಲ, 2,560 ಪಿಕ್ಸೆಲ್ ಎತ್ತರದ ಚಿತ್ರವಿದ್ದರೆ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಚಿತ್ರಕಾರರಿಗೆ ಹಣ ಕೊಟ್ಟ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿ; ಇ-ಪುಸ್ತಕ, ಮುಂದಿನ ಮುದ್ರಣ, ಪ್ರಚಾರ ಇವೆಲ್ಲಕ್ಕೂ ಚಿತ್ರವನ್ನು ಬಳಸಬಹುದೆಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಭಾರತದಲ್ಲಿ ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಕೊಡುತ್ತದೆ; ಲೇಖಕರು ಸ್ವಂತ ಹೆಸರಿನಲ್ಲಿಯೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಇದಕ್ಕಾಗಿ ಸಾವಿರಗಟ್ಟಲೆ ರೂಪಾಯಿ ಕೇಳುವವರ ಬಳಿ ಹೋಗಬೇಡಿ. ಇ-ಪುಸ್ತಕಕ್ಕೆ ಒಂದು ಸಂಖ್ಯೆ, ಮುಂದೆ ಅಚ್ಚಾದರೆ ಅದಕ್ಕೆ ಇನ್ನೊಂದು ಸಂಖ್ಯೆ ಬೇಕು. ಕಾಯುವ ತಾಳ್ಮೆ ಇಲ್ಲದವರಿಗೆ ಗೂಗಲ್ ಪ್ಲೇ ಬುಕ್ಸ್ ಐಎಸ್‌ಬಿಎನ್ ಇಲ್ಲದೆಯೂ ತನ್ನದೇ ಒಂದು ಗುರುತಿನ ಸಂಖ್ಯೆ ಕೊಟ್ಟು ಪುಸ್ತಕವನ್ನು ಸ್ವೀಕರಿಸುತ್ತದೆ.

ಎಲ್ಲಿ ಮಾರುವುದು

ಇಂಗ್ಲಿಷಿನಲ್ಲಿ ಬರೆಯುವವರಿಗೆ ಸಿಗುವ ಸಲಹೆಗಳೆಲ್ಲ ಅಮೆಜಾನಿನ ಇ-ಪುಸ್ತಕ ಮಳಿಗೆಯಾದ ಕಿಂಡಲ್‌ನಿಂದ ಆರಂಭವಾಗುತ್ತವೆ. 2016ರ ಕೊನೆಯಲ್ಲಿ ಕಿಂಡಲ್ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು, ಕನ್ನಡ ಹೊರಗುಳಿಯಿತು. ಸ್ವಂತ ಪ್ರಕಟಣೆಗೆ ಅಮೆಜಾನ್ ಒಪ್ಪುವ ಭಾಷೆಗಳ ಪಟ್ಟಿ ಅದರ ಸಹಾಯ ಪುಟದಲ್ಲಿರುತ್ತದೆ. ಅದರಲ್ಲಿ ಕನ್ನಡದ ಹೆಸರನ್ನು ಕಣ್ಣಾರೆ ನೋಡದೆ ಮುಂದುವರಿಯಬೇಡಿ. ಕನ್ನಡ ಪುಸ್ತಕಕ್ಕೆ ಹಿಂದಿಯದೋ ಇಂಗ್ಲಿಷಿನದೋ ಗುರುತು ಹಚ್ಚಿ ಒಳಗೆ ನುಗ್ಗಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದು ನಿಯಮಕ್ಕೆ ವಿರುದ್ಧ, ಪುಸ್ತಕವನ್ನು ಯಾವ ದಿನ ಬೇಕಾದರೂ ಕಿತ್ತುಹಾಕಬಹುದು.

ಗೂಗಲ್ ಪ್ಲೇ ಬುಕ್ಸ್ ಕನ್ನಡದ ಇ-ಪಬ್ ಅನ್ನು ಒಪ್ಪಿಕೊಳ್ಳುತ್ತದೆ. ಅದರ ಪ್ರಕಾಶಕರ ವಿಭಾಗದಲ್ಲಿ ಖಾತೆ ತೆರೆದು, ಬ್ಯಾಂಕ್ ಮತ್ತು ತೆರಿಗೆ ವಿವರ ತುಂಬಿ, ಲೇಖಕರೇ ಪುಸ್ತಕ ಏರಿಸಬಹುದು. ಕನ್ನಡದ ಓದುಗರಿಗೆಂದೇ ಹುಟ್ಟಿದ ಮೈಲ್ಯಾಂಗ್ ಇ-ಪುಸ್ತಕಗಳನ್ನೂ ಕೇಳುಪುಸ್ತಕಗಳನ್ನೂ ಮಾರುತ್ತದೆ. ವಿವಿಡ್‌ಲಿಪಿಯೂ ಕನ್ನಡದ ಡಿಜಿಟಲ್ ಪುಸ್ತಕಗಳ ತಾಣ. ಇವರೊಡನೆ ಪತ್ರವ್ಯವಹಾರ ಮಾಡಿ ಒಪ್ಪಂದ ಮಾಡಿಕೊಳ್ಳಬೇಕು. 2014ರಲ್ಲಿ ಆರಂಭವಾದ ಪ್ರತಿಲಿಪಿ ಎಂಬ ಓದು-ಬರಹದ ತಾಣದಲ್ಲಿ ಕಂತು ಕಂತಾಗಿ ಬರೆಯಬಹುದು. ಓದುಗರು ಬೇಗ ಸಿಗುತ್ತಾರೆ, ಆದರೆ ವಾರಕ್ಕೊಂದು ಕಂತಿನ ಹಸಿವಿಗೆ ತಕ್ಕಂತೆ ಕಾದಂಬರಿಯ ಆಕಾರವೇ ಬದಲಾಗುತ್ತದೆ. ನಾನು ಮೂಲ ಕಾದಂಬರಿಯನ್ನು ಅಲ್ಲಿ ಹಾಕಲಿಲ್ಲ. ಅದೇ ಲೋಕದ ಒಂದು ಚಿಕ್ಕ ಉಪಕತೆಯನ್ನು ಹಾಕಿ, ಕೊನೆಯಲ್ಲಿ ಕಾದಂಬರಿಯ ಹೆಸರು ಹೇಳಿದೆ. ಯಾವ ಒಪ್ಪಂದದಲ್ಲಿಯಾದರೂ ಮೂರು ಮಾತನ್ನು ಹುಡುಕಿ: ಹಕ್ಕು ಅವರಿಗೊಬ್ಬರಿಗೇ ಮೀಸಲೇ, ಎಷ್ಟು ವರ್ಷ, ಧ್ವನಿ ಮತ್ತು ಚಲನಚಿತ್ರದ ಹಕ್ಕೂ ಅದರೊಳಗೆ ಸೇರಿದೆಯೇ.

ಪುಸ್ತಕದ ವಿವರ ತುಂಬುವಾಗ ಶೀರ್ಷಿಕೆ ಕನ್ನಡದಲ್ಲಿರಲಿ, ವಿವರಣೆಯೊಳಗೆ ಅದನ್ನು ರೋಮನ್ ಲಿಪಿಯಲ್ಲಿಯೂ ಒಮ್ಮೆ ಬರೆಯಿರಿ, ಏಕೆಂದರೆ ಕನ್ನಡ ಓದುವವರಲ್ಲಿಯೂ ಬಹಳ ಮಂದಿ ಹುಡುಕುವಾಗ ಇಂಗ್ಲಿಷ್ ಕೀಲಿಮಣೆಯನ್ನೇ ಬಳಸುತ್ತಾರೆ. ಗೂಗಲ್ ಪ್ಲೇಯಲ್ಲಿ ಸಾಮಾನ್ಯವಾಗಿ ಪುಸ್ತಕದ 20 ಪ್ರತಿಶತ ಭಾಗ ಉಚಿತವಾಗಿ ಓದಲು ಸಿಗುತ್ತದೆ. ಹಿರಿಯರ ಮುನ್ನುಡಿ, ಲೇಖಕರ ಅರಿಕೆ, ಕೃತಜ್ಞತೆ, ಅರ್ಪಣೆ ಇವುಗಳಿಂದಲೇ ಪುಸ್ತಕ ತೆರೆಯುವ ನಮ್ಮ ಸಂಪ್ರದಾಯ ಇಲ್ಲಿ ನಷ್ಟದ ಬಾಬ್ತು. ಅವನ್ನೆಲ್ಲ ಕೊನೆಗೆ ಸಾಗಿಸಿ, ಮೊದಲ ಪರದೆಯಲ್ಲಿಯೇ ಕತೆ ಶುರುವಾಗಲಿ. ಮುನ್ನುಡಿ ಬರೆದುಕೊಟ್ಟ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿರುವುದು ಕ್ಷೇಮ.

ಬೆಲೆ, ಪ್ರಚಾರ, ಕಳ್ಳಪ್ರತಿ

ಹೊಸಬರ ಮೊದಲ ಕಾದಂಬರಿಗೆ 99 ರೂಪಾಯಿಯ ಆಸುಪಾಸು ಸರಿ ಎಂಬುದು ನನ್ನ ಅಂದಾಜು; ಸರಣಿಯಾದರೆ ಮೊದಲ ಭಾಗವನ್ನು 49ಕ್ಕೆ ಇಳಿಸಿ, ಮುಂದಿನವನ್ನು ಏರಿಸಬಹುದು. ಇಡೀ ಪುಸ್ತಕವನ್ನು ಉಚಿತವಾಗಿ ಕೊಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಬಿಟ್ಟಿ ಸಿಕ್ಕಿದ್ದನ್ನು ಇಳಿಸಿಕೊಳ್ಳುವವರು ಹೆಚ್ಚು, ಓದುವವರು ಕಡಿಮೆ. ತೆರಿಗೆಯ ಬಗ್ಗೆ ಒಂದು ವಿಷಯ ತಿಳಿದಿರಲಿ: 2018ರ ಜುಲೈನಲ್ಲಿ, ಮುದ್ರಿತ ರೂಪವೂ ಇರುವ ಇ-ಪುಸ್ತಕಗಳ ಜಿಎಸ್‌ಟಿಯನ್ನು 18ರಿಂದ 5 ಪ್ರತಿಶತಕ್ಕೆ ಇಳಿಸಲಾಯಿತು. ಅಚ್ಚಿನ ಆಸೆಯನ್ನು ಪೂರ್ತಿ ಬಿಡದಿರಲು ಇದೂ ಒಂದು ನೆಪ. ಚೊಚ್ಚಲ ಕೃತಿಯ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಮುದ್ರಣಕ್ಕೆ ಪ್ರೋತ್ಸಾಹಧನ ಕೊಡುವ ಯೋಜನೆ ಇದೆ, ಅದರ ಪ್ರಕಟಣೆಯನ್ನು ಗಮನಿಸುತ್ತಿರಿ.

ಪ್ರಚಾರಕ್ಕೆ ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಮುಖಪುಟದ ಚಿತ್ರ, ಕತೆಯ ಮೂರು ಸಾಲು, ಕ್ಯೂಆರ್ ಸಂಕೇತ ಇವಿಷ್ಟಿರುವ ಅಂಗೈಯಗಲದ ಚೀಟಿಗಳನ್ನು ಅಚ್ಚು ಹಾಕಿಸಿ, ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಪುಸ್ತಕದಂಗಡಿಯ ಸ್ನೇಹಿತರ ಮೂಲಕ ಹಂಚಿದೆ, ಯಕ್ಷಗಾನದ ಆಟ ನೋಡಲು ಬಂದವರ ಕೈಗೂ ಕೊಟ್ಟೆ. ರಾತ್ರಿಯಿಡೀ ಕುಳಿತು ದೇವತೆಗಳನ್ನೂ ರಾಕ್ಷಸರನ್ನೂ ನೋಡುವವರಿಗೆ ಫ್ಯಾಂಟಸಿ ಎಂದರೇನೆಂದು ವಿವರಿಸಬೇಕಾಗಲಿಲ್ಲ. ಚೀಟಿಯನ್ನು ಜೇಬಿಗೆ ಹಾಕಿಕೊಂಡವರು ಮನೆಗೆ ಹೋಗಿ ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿದ ಮೇಲಷ್ಟೇ ಪುಸ್ತಕ ಕೊಳ್ಳುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡು ಕಡತದ ಗಾತ್ರವನ್ನು ಚಿಕ್ಕದಾಗಿಡಿ. ನಕ್ಷೆಯ ಚಿತ್ರಗಳನ್ನು ಕುಗ್ಗಿಸಿದರೆ ಸಾಕು, ಒಂದೆರಡು ಎಂಬಿಯೊಳಗೆ ಬರುತ್ತದೆ.

ಪುಸ್ತಕ ನಾಲ್ಕು ಜನಕ್ಕೆ ಹಿಡಿಸಿತೆಂದರೆ ಅದರ ಪಿಡಿಎಫ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಲು ತೊಡಗುತ್ತದೆ. ವ್ಯಕ್ತಿಗಳೊಡನೆ ಜಗಳಕ್ಕಿಳಿಯುವುದು ವ್ಯರ್ಥ. ಯಾವುದಾದರೂ ತಾಣ ಅದನ್ನು ಬಹಿರಂಗವಾಗಿ ಇಟ್ಟುಕೊಂಡಿದ್ದರೆ ಮಾತ್ರ ಲಿಖಿತ ದೂರು ಕಳುಹಿಸಿ. 2013ರ ಹಕ್ಕುಸ್ವಾಮ್ಯ ನಿಯಮಗಳ ಪ್ರಕಾರ ಸರಿಯಾದ ದೂರು ಬಂದ 36 ಗಂಟೆಗಳೊಳಗೆ ಅದನ್ನು ತಡೆಹಿಡಿಯಬೇಕು, 21 ದಿನಗಳೊಳಗೆ ನ್ಯಾಯಾಲಯದ ಆದೇಶ ತಾರದಿದ್ದರೆ ತಾಣದವರು ಮತ್ತೆ ತೆರೆಯಬಹುದು.

ಬಿಡುಗಡೆಯ ನಂತರ ತಿದ್ದುಪಡಿಯ ಒಂದು ಪಟ್ಟಿಯನ್ನು ತೆರೆದಿಡಿ. ಅಚ್ಚಾದ ಪುಸ್ತಕಕ್ಕಿಲ್ಲದ ಅನುಕೂಲವಿದು: ತಪ್ಪು ಕಂಡರೆ ಕಡತ ತಿದ್ದಿ, ಆವೃತ್ತಿಯ ಸಂಖ್ಯೆ ಬದಲಿಸಿ, ಮತ್ತೆ ಏರಿಸಬಹುದು. ನನಗೆ ಬಂದ ಮೊದಲ ದೂರು ಕಾಗುಣಿತದ್ದಾಗಿರಲಿಲ್ಲ. ತದಡಿಯಿಂದ ಮೀನುಗಾರರೊಬ್ಬರು ಬರೆದಿದ್ದರು: ನೀರಿಳಿದಾಗ ಕಾಣುವ ನಿಮ್ಮ ಪಟ್ಟಣ ಏಳು ದಿನವೂ ಸರಿಯಾಗಿ ಸೂರ್ಯ ಮುಳುಗುವ ಹೊತ್ತಿಗೇ ಮೇಲೇಳುತ್ತದೆ, ಆದರೆ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ವಾರದ ಕೊನೆಗೆ ನಿಮ್ಮ ನಾಯಕಿ ನಡುರಾತ್ರಿಯಲ್ಲಿ ದೋಣಿ ಹಾಕಬೇಕು. ಅವರು ಹೇಳಿದ್ದು ಸರಿಯಾಗಿತ್ತು. ಎರಡು ಅಧ್ಯಾಯಗಳನ್ನು ಕತ್ತಲೆಗೆ ತಳ್ಳಿ, ಅವಳ ಕೈಗೆ ಒಂದು ಲಾಟೀನು ಕೊಟ್ಟು, ನಾಲ್ಕನೆಯ ದಿನ 1.1ನೆಯ ಆವೃತ್ತಿಯನ್ನು ಏರಿಸಿದೆ.